ಮಳೆ ಅಳೆಯಬೇಕಾ, ಬಾವಿ ಅಳೆಯಬೇಕಾ, ಆ್ಯಪ್ ಸಾಕಾ? ವಿಜಯಪುರದ ಕಡೆಯವರಿಗೆ ಒಂದು ಹೋಲಿಕೆ

ಈ ವರ್ಷ ಬರ ಇದೆಯಾ ಇಲ್ವಾ ಅಂತ ನಮ್ಮ ಕಡೆ ಮೂರು ಜನರನ್ನು ಕೇಳಿ, ಮೂರು ಉತ್ತರ ಸಿಗುತ್ತವೆ. ಪಂಚಾಯ್ತಿ ಲೆಕ್ಕ ನೋಡಿದವರು ಮಳೆ ವಾಡಿಕೆಯಷ್ಟು ಆಗಿದೆ ಅನ್ನುತ್ತಾರೆ. ಬಿಳಿಜೋಳ ಬಿತ್ತಲು ಕೂತವರು ಹೊಲದಲ್ಲಿ ಹಸಿಯೇ ಇಲ್ಲ ಅನ್ನುತ್ತಾರೆ. ದ್ರಾಕ್ಷಿ ಇಟ್ಟವರು ಬೋರ್ ಕೈಕೊಟ್ಟಿತು ಅಂತ ಟ್ಯಾಂಕರ್‌ನವರಿಗೆ ಫೋನ್ ಹಚ್ಚಿರುತ್ತಾರೆ. ಮೂವರಲ್ಲಿ ಯಾರೂ ಸುಳ್ಳು ಹೇಳುತ್ತಿಲ್ಲ. ಒಬ್ಬರು ಮೋಡದಿಂದ ಬಿದ್ದ ನೀರನ್ನು ಲೆಕ್ಕ ಹಾಕಿದ್ದಾರೆ, ಇನ್ನೊಬ್ಬರು ಮಣ್ಣಲ್ಲಿ ಉಳಿದ ನೀರನ್ನು, ಮತ್ತೊಬ್ಬರು ಕರಿಕಲ್ಲಿನ ಬಿರುಕಿಗೆ ಇಳಿದ ನೀರನ್ನು.

ಹಾಗಾಗಿ ಯಾವ ಮಾಪಕ ತಗೊಳ್ಳಲಿ, ಯಾವ ಆ್ಯಪ್ ಹಾಕಿಕೊಳ್ಳಲಿ ಅಂತ ಕೇಳುವವರಿಗೆ ನಾನು ತಿರುಗಿ ಒಂದೇ ಪ್ರಶ್ನೆ ಕೇಳುವುದು: ಆ ಲೆಕ್ಕ ಇಟ್ಟುಕೊಂಡು ನೀವು ಏನು ತೀರ್ಮಾನ ಮಾಡಬೇಕಾಗಿದೆ? ಬಿತ್ತಬೇಕಾ, ತೋಟ ಉಳಿಸಿಕೊಳ್ಳಬೇಕಾ, ವಿಮೆ ಕೇಳಬೇಕಾ, ಹೊಸ ಬೋರ್ ಹಾಕಿಸಬೇಕಾ? ಒಂದೊಂದಕ್ಕೆ ಒಂದೊಂದು ಅಳತೆ ಬೇಕು. ಅದನ್ನು ಬಿಟ್ಟು ಸುಮ್ನೆ ದುಬಾರಿ ಯಂತ್ರ ತಂದು ಕಂಬಕ್ಕೆ ಕಟ್ಟಿದರೆ ಹಕ್ಕಿ ಕೂರಲು ಜಾಗ ಆಗುತ್ತದೆ, ಅಷ್ಟೇ.

ಮಳೆ: ಪಂಚಾಯ್ತಿಯ ಮಾಪಕವೋ, ಸ್ವಂತದ್ದೋ

ಮಳೆ ಅಳೆಯುವ ವಿಷಯದಲ್ಲಿ ಕರ್ನಾಟಕದವರು ನಾವು ಪುಣ್ಯವಂತರು. 1988ರಲ್ಲೇ ಇಲ್ಲಿ ಬರ ಉಸ್ತುವಾರಿ ಘಟಕ ಶುರುವಾಯಿತು. ಈಗ ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯ್ತಿ ಮಟ್ಟದಲ್ಲಿ ತಾನಾಗೇ ಅಳೆದು ಕಳಿಸುವ ಮಳೆಮಾಪಕ, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರ ಇಟ್ಟಿದ್ದಾರೆ. 15 ನಿಮಿಷಕ್ಕೊಮ್ಮೆ ಲೆಕ್ಕ ಬೆಂಗಳೂರಿನ ಯಲಹಂಕದಲ್ಲಿರುವ ಅದರ ಕಚೇರಿಗೆ ಹೋಗುತ್ತದೆ. ಫೋನ್ ಮಾಡಿ ಕೇಳಬೇಕು ಅಂದರೆ ವರುಣ ಮಿತ್ರ ಸಹಾಯವಾಣಿ ಇದೆ. ಇಷ್ಟು ಹತ್ತಿರ ಹತ್ತಿರ ಸರ್ಕಾರಿ ಮಾಪಕ ಇರುವ ರಾಜ್ಯ ದೇಶದಲ್ಲಿ ಕಡಿಮೆ.

ಹಾಗಾದರೆ ಸ್ವಂತದ್ದು ಯಾಕೆ? ನಮ್ಮ ಮಳೆಯ ಸ್ವಭಾವದಿಂದ. ಮೇ, ಜೂನ್‌ನಲ್ಲಿ ಗುಡುಗು ಹಾಕಿಕೊಂಡು ಬರುವ ಮಳೆ, ಮತ್ತೆ ಹುಬ್ಬಿ, ಉತ್ತರಿ, ಹಸ್ತಿ ಮಳೆ, ಇವೆಲ್ಲ ಎತ್ತಿನ ಒಂದು ಕೋಡು ತೋಯಿಸಿ ಇನ್ನೊಂದು ಕೋಡು ಬಿಟ್ಟು ಹೋಗುವಂಥವು. ಒಂದು ಪಂಚಾಯ್ತಿಗೆ ಮೂರು ನಾಲ್ಕು ಹಳ್ಳಿ ಸೇರಿರುತ್ತವೆ, ಮಾಪಕ ಇರುವುದು ಒಂದು ಕಡೆ. ನಿಮ್ಮ ಹೊಲ ಆ ಮಾಪಕದಿಂದ ನಾಲ್ಕೈದು ಕಿಲೋಮೀಟರ್ ಆಚೆ ಇದ್ದರೆ, ಅದು ಹೇಳುವ 30 ಮಿ.ಮೀ. ನಿಮ್ಮ ಹೊಲದಲ್ಲಿ 5 ಇರಬಹುದು, 50 ಕೂಡ ಇರಬಹುದು. ಇಡೀ ವರ್ಷ ಕೂಡಿಸಿದಾಗ ವ್ಯತ್ಯಾಸ ಅಷ್ಟು ಕಾಣುವುದಿಲ್ಲ. ಆದರೆ ನಾವು ಬಿತ್ತುವುದು ವರ್ಷದ ಮಳೆಗಲ್ಲ, ಆ ವಾರದ ಹಸಿಗೆ.

ಸ್ವಂತದ್ದು ಅಂದ ತಕ್ಷಣ ದೊಡ್ಡದೇನೂ ಬೇಡ. ಅಂಗಡಿಯ ಪ್ಲಾಸ್ಟಿಕ್ ಮಾಪಕ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದೂ ಬೇಡ ಅಂದರೆ ಅಡಿಯಿಂದ ಬಾಯಿವರೆಗೆ ಗೋಡೆ ನೆಟ್ಟಗಿರುವ ಯಾವುದೇ ಡಬ್ಬಿ ನಡೆಯುತ್ತದೆ, ಒಳಗೆ ಸ್ಕೇಲ್ ಇಳಿಸಿ ನೋಡಿದರೆ ಆಯಿತು. ಸಣ್ಣ ಮಳೆ ಸರಿಯಾಗಿ ಸಿಗಬೇಕು ಅಂದರೆ ಆಲಿಕೆ ಮತ್ತು ಕ್ಯಾನ್ ಚೆಂದ. ಆಲಿಕೆಯ ಬಾಯಿ 20 ಸೆಂ.ಮೀ. ಅಗಲ ಇದ್ದರೆ ಕ್ಯಾನಿನಲ್ಲಿ ಬಿದ್ದ ಪ್ರತಿ 31.4 ಮಿ.ಲೀ. ನೀರಿಗೆ 1 ಮಿ.ಮೀ. ಮಳೆ. ಔಷಧದ ಅಳತೆ ಲೋಟದಲ್ಲಿ ಅಳೆದು ಭಾಗಿಸಿ. ಕ್ಯಾನನ್ನು ಅರ್ಧ ನೆಲದಲ್ಲಿ ಹೂಳಿ, ಇಲ್ಲದಿದ್ದರೆ ಬಿಸಿಲಿಗೆ ಕಾದು ನೀರು ಆರಿ ಹೋಗುತ್ತದೆ.

ಡಬ್ಬಿ ಯಾವುದು ಅನ್ನುವುದಕ್ಕಿಂತ ಎಲ್ಲಿ ಇಡುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಮಾಳಿಗೆಯ ಮೇಲೆ ಇಡಬೇಡಿ, ಗಾಳಿಗೆ ಹನಿ ಓರೆಯಾಗಿ ಹಾರಿ ಹೋಗಿ ಕಡಿಮೆ ತೋರಿಸುತ್ತದೆ. ಬೇವಿನ ಗಿಡದ ಕೆಳಗಂತೂ ಬೇಡವೇ ಬೇಡ. ಹವಾಮಾನ ಇಲಾಖೆಯ ರೂಢಿ ಏನೆಂದರೆ ಮಾಪಕದ ಬಾಯಿ ನೆಲದಿಂದ ಸುಮಾರು 30 ಸೆಂ.ಮೀ. ಮೇಲಿರಬೇಕು, ಹತ್ತಿರದ ಗಿಡ ಅಥವಾ ಗೋಡೆ ಎಷ್ಟು ಎತ್ತರವೋ ಅದರ ಎರಡರಷ್ಟು ದೂರ ಇರಬೇಕು. ಬೆಳಗ್ಗೆ 8.30ಕ್ಕೆ ನೋಡಿ ಬರೆದಿಡಿ. ಸರ್ಕಾರಿ ಲೆಕ್ಕದ ದಿನವೂ ಅಲ್ಲಿಂದಲೇ ಶುರು. ರಾತ್ರಿ ಹತ್ತಕ್ಕೆ ಬಿದ್ದ ಮಳೆ ಅವರ ಪುಸ್ತಕದಲ್ಲಿ ಮಾರನೇ ದಿನದ ತಾರೀಕಿಗೆ ಸೇರುತ್ತದೆ. ಇದು ಗೊತ್ತಿಲ್ಲದೆ 'ನಮ್ಮೂರಲ್ಲಿ ಸೋಮವಾರ ಮಳೆ ಬಂತು, ಇವರು ಮಂಗಳವಾರ ಬರೆದಿದ್ದಾರೆ' ಅಂತ ಜಗಳ ತೆಗೆಯುವವರನ್ನು ನೋಡಿದ್ದೇನೆ.

ಹಾಗಂತ ಪಂಚಾಯ್ತಿಯ ಮಾಪಕವನ್ನು ತಳ್ಳಿ ಹಾಕುವ ಹಾಗಿಲ್ಲ. ದುಡ್ಡು ಅದರ ಮೇಲೆ ನಿಂತಿದೆ. ದ್ರಾಕ್ಷಿ, ದಾಳಿಂಬೆಗೆ ಕಟ್ಟುವ ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರ ಲೆಕ್ಕ ಆಗುವುದು ಅಧಿಕೃತ ಮಾಪಕದ ಅಂಕಿಯಿಂದ. ನಿಮ್ಮ ಡಬ್ಬಿಯ ನೀರನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಆದರೆ ನಿಮ್ಮ ನೋಟ್‌ಬುಕ್ ಇದ್ದರೆ ಒಂದು ಲಾಭ ಇದೆ. ಈ ತಾನಾಗೇ ಅಳೆಯುವ ಮಾಪಕಗಳ ಒಳಗೆ ಪುಟ್ಟ ಚಮಚದಂಥ ಬಟ್ಟಲು ಇರುತ್ತದೆ, ತುಂಬಿದಾಗಲೊಮ್ಮೆ ಮಗುಚಿ ಲೆಕ್ಕ ಕೊಡುತ್ತದೆ. ಎಲೆ, ಹಕ್ಕಿಯ ಹಿಕ್ಕೆ, ಜೇಡರ ಬಲೆ, ಏನಾದರೂ ಆಲಿಕೆಗೆ ಸಿಕ್ಕಿಕೊಂಡರೆ ಜೋರು ಮಳೆಯಲ್ಲೂ ಸೊನ್ನೆ ತೋರಿಸುತ್ತದೆ. ಸುತ್ತಲಿನ ಹತ್ತು ರೈತರ ಡಬ್ಬಿಯಲ್ಲಿ 40 ಮಿ.ಮೀ. ಇದ್ದು ಅದರಲ್ಲಿ ಮಾತ್ರ ಏನೂ ಇಲ್ಲದಿದ್ದರೆ, ಅದೇ ವಾರ ಬರೆದು ಕೊಡಿ. ಆರು ತಿಂಗಳು ಬಿಟ್ಟು ಹೇಳಿದರೆ ಪ್ರಯೋಜನ ಇಲ್ಲ.

ಇನ್ನು ಆ 15, 20 ಸಾವಿರ ಮೇಲ್ಪಟ್ಟ ಮನೆಯ ಹವಾಮಾನ ಯಂತ್ರಗಳು. ಬರ ನೋಡುವುದಕ್ಕೆ ಅಂತ ಅದನ್ನು ತಗೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. ತಿಕೋಟಾ ಕಡೆಯ ದ್ರಾಕ್ಷಿಯವರಾದರೆ ಮಾತು ಬೇರೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಆದಮೇಲೆ ಎಲೆ ಎಷ್ಟು ಹೊತ್ತು ಒದ್ದೆ ಇತ್ತು, ರಾತ್ರಿ ತೇವಾಂಶ ಎಷ್ಟಿತ್ತು ಅನ್ನುವುದು ಡೌನಿ ರೋಗದ ಔಷಧ ಯಾವಾಗ ಹೊಡೆಯಬೇಕು ಅಂತ ಹೇಳುತ್ತದೆ, ಒಂದೆರಡು ಸಲ ಔಷಧ ಉಳಿದರೂ ಖರ್ಚಿನ ಒಂದು ಪಾಲು ಬಂದ ಹಾಗೆ. ಜೋಳ, ಕಡಲೆ, ತೊಗರಿಯವರಿಗೆ ಅದು ಬೇಡ.

ವಾಡಿಕೆ ಮಳೆ ಅನ್ನುವ ಲೆಕ್ಕದ ಗುಟ್ಟು

ಜಿಲ್ಲೆಯ ವಾಡಿಕೆ ಮಳೆ ವರ್ಷಕ್ಕೆ 600 ಮಿ.ಮೀ. ಆಸುಪಾಸು. ಅದರಲ್ಲಿ ಸೆಪ್ಟೆಂಬರ್‌ದೇ ದೊಡ್ಡ ಪಾಲು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ವಾಡಿಕೆಗಿಂತ 19 ಪರ್ಸೆಂಟ್ ಕಡಿಮೆ ಆದರೂ ಅದು 'ಸಾಮಾನ್ಯ'ವೇ. 20ರಿಂದ 59 ಕಡಿಮೆಯಾದರೆ ಕೊರತೆ, 60 ದಾಟಿದರೆ ಭಾರಿ ಕೊರತೆ. ಆಗಸ್ಟ್ ಪೂರ್ತಿ ಒಣಗಿ ಸೆಪ್ಟೆಂಬರ್ ಕೊನೆಯಲ್ಲಿ ಎರಡು ದಿನ ಸುರಿದು ಒಡ್ಡು ಒಡೆದು ಹೋದರೂ ಒಟ್ಟು ಲೆಕ್ಕ 'ಸಾಮಾನ್ಯ' ಅಂತಲೇ ಬರಬಹುದು. ಹೆಸರು, ಉದ್ದು ಹಾಕಿದವನ ಕಥೆ ಮಾತ್ರ ಮುಗಿದಿರುತ್ತದೆ.

ಅದಕ್ಕೇ ಒಟ್ಟು ಮಳೆ ಬಿಟ್ಟು ಮಳೆಯ ತೆರಪು ನೋಡಿ. ಕೇಂದ್ರ ಸರ್ಕಾರದ 2016ರ ಬರ ಕೈಪಿಡಿಯಲ್ಲೂ ಮೊದಲ ಜರಡಿ ಇದೇ: ಮಳೆ ಎಷ್ಟು ಕಡಿಮೆ, ಜೊತೆಗೆ ವಾಡಿಕೆಯ ಅರ್ಧಕ್ಕಿಂತ ಕಡಿಮೆ ಮಳೆಯಾದ ವಾರಗಳು ಸಾಲಾಗಿ ಮೂರೋ ನಾಲ್ಕೋ ಬಂದವಾ ಅಂತ. ಇದು ಪಾಸಾದ ಮೇಲೆ ಬಿತ್ತನೆ ಎಷ್ಟಾಗಿದೆ, ಉಪಗ್ರಹದಲ್ಲಿ ಹಸಿರು ಎಷ್ಟಿದೆ, ಮಣ್ಣಲ್ಲಿ ತೇವ ಎಷ್ಟು, ಜಲಾಶಯ ಮತ್ತು ಅಂತರ್ಜಲ ಹೇಗಿದೆ ಅಂತ ನೋಡುತ್ತಾರೆ. ಆಮೇಲೆ ಕೆಲವು ಹಳ್ಳಿ ಆಯ್ದು ಹೊಲಕ್ಕೆ ಬಂದು ಪರೀಕ್ಷೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದದ್ದು ಈ ದಾರಿಯಲ್ಲೇ, ಅದೂ ಒಂದೇ ಸಲ ಅಲ್ಲ, ಕಂತು ಕಂತಾಗಿ. ಇಲ್ಲಿ ಗಮನಿಸಿ, ನಿಮ್ಮ ಬೋರ್ ಬತ್ತಿದ್ದು ಆ ಲೆಕ್ಕದಲ್ಲಿ ತೀರಾ ಕೊನೆಗೆ ಬರುತ್ತದೆ. ಹಾಗಾಗಿ ಬೋರ್ ಬತ್ತಿದೆ, ಬರ ಘೋಷಣೆ ಯಾಕಿಲ್ಲ ಅಂತ ಕೇಳಿದರೆ ಉತ್ತರ ಸಿಗುವುದಿಲ್ಲ. ನಾಲ್ಕು ವಾರದ ತೆರಪು ಬಿದ್ದಿದೆ ಅಂತ ತಾರೀಕಿನ ಸಮೇತ ತೋರಿಸಿದರೆ ಸಿಗುತ್ತದೆ.

ನೆಲದ ಕೆಳಗೆ: ಬಾವಿ, ಬೋರ್, ಫೇಲಾದ ಬೋರ್

ನನ್ನ ಪ್ರಕಾರ ನಮ್ಮ ಕಡೆ ಎಲ್ಲಕ್ಕಿಂತ ಜಾಸ್ತಿ ಬೇಕಾದದ್ದು ಈ ಅಳತೆ, ಎಲ್ಲಕ್ಕಿಂತ ಕಡಿಮೆ ಮಾಡುವುದೂ ಇದನ್ನೇ. ಮೋಟರು ಗಾಳಿ ಹೊಡೆಯಲು ಶುರು ಮಾಡಿದಾಗಲೇ ನೀರು ಇಳಿದಿದೆ ಅಂತ ಗೊತ್ತಾಗುವುದು. ಅಷ್ಟರಲ್ಲಿ ಮಾರ್ಚ್ ಬಂದಿರುತ್ತದೆ.

ಮೊದಲು ಕೆಳಗೆ ಏನಿದೆ ಅಂತ ಸ್ವಲ್ಪ ತಿಳಿದುಕೊಳ್ಳೋಣ. ಜಿಲ್ಲೆಯ ಬಹುಪಾಲು ಕರಿಕಲ್ಲು. ಲಾವಾ ಹರಿದು ಹರಿದು ಪದರ ಪದರವಾಗಿ ಕೂತ ಕಲ್ಲು. ಮೇಲೆ ಎರೆ, ಅದರ ಕೆಳಗೆ ಗರಸು, ಆಮೇಲೆ ಬಿರುಕು ಬಿಟ್ಟ ಕಲ್ಲು, ಆಮೇಲೆ ಗಟ್ಟಿ ಕಲ್ಲು, ಮತ್ತೆ ಎರಡು ಪದರದ ನಡುವೆ ಕೆಲವು ಕಡೆ ಕೆಂಪು ಮಣ್ಣಿನ ಪಟ್ಟಿ. ನೀರು ನಿಲ್ಲುವುದು ಗರಸಿನಲ್ಲಿ, ಬಿರುಕಿನಲ್ಲಿ, ತೂತು ತೂತಾದ ಕಲ್ಲಿನಲ್ಲಿ. ಜಾಗ ತೀರಾ ಕಡಿಮೆ. ಸರ್ಕಾರದ ಅಂತರ್ಜಲ ಲೆಕ್ಕದಲ್ಲಿ ಇಂಥ ಕಲ್ಲಿಗೆ ಹಿಡಿಯುವುದು 100ಕ್ಕೆ 2 ಪಾಲು ನೀರು, ಮಳೆಯಲ್ಲಿ ಕೆಳಗಿಳಿಯುವುದು 100ಕ್ಕೆ 7ರಿಂದ 13. ಇದನ್ನು ಕೂಡಿಸಿ ನೋಡಿ: 100 ಮಿ.ಮೀ. ಒಳ್ಳೆ ಮಳೆಯಾದರೆ 7ರಿಂದ 13 ಮಿ.ಮೀ. ಇಳಿಯುತ್ತದೆ, ಕಲ್ಲಿನಲ್ಲಿ ಜಾಗ 100ಕ್ಕೆ 2 ಪಾಲೇ ಆದ್ದರಿಂದ ಅದು 50 ಪಟ್ಟು ಎತ್ತರಕ್ಕೆ ನಿಂತು ಬಾವಿಯ ನೀರು ಏರುವುದು 35ರಿಂದ 65 ಸೆಂ.ಮೀ. ಹೆಚ್ಚೆಂದರೆ ಎರಡು ಅಡಿ ಅಂತ ಇಟ್ಟುಕೊಳ್ಳಿ. ಅದೇ ಎರಡು ಅಡಿ ನೀರನ್ನು ಸುತ್ತಲಿನ ಮೋಟರುಗಳು ಎತ್ತಿ ಖಾಲಿ ಮಾಡಲು ಎಷ್ಟು ಹೊತ್ತು ಬೇಕು ಹೇಳಿ.

ಈಗ ಎಲ್ಲಿ ಅಳೆಯುವುದು?

ಹಳೆಯ ತೆರೆದ ಬಾವಿ ಇದ್ದರೆ ಅದೇ ಮೊದಲ ಆಯ್ಕೆ. ಮೇಲಿನ ಪದರದ ನೀರು ಹೇಗಿದೆ ಅಂತ ಅದು ನೇರವಾಗಿ ತೋರಿಸುತ್ತದೆ, ಮಳೆ ಬಂದ ಕೆಲವೇ ದಿನದಲ್ಲಿ ಸ್ಪಂದಿಸುತ್ತದೆ. ಮೆಟ್ಟಿಲು ಇರುವ ಬಾವಡಿಯಾದರೆ ಹಗ್ಗವೂ ಬೇಡ. ನೀರಿನ ಮೇಲೆ ಎಷ್ಟು ಮೆಟ್ಟಿಲು ಕಾಣುತ್ತಿವೆ ಅಂತ ಎಣಿಸಿ, ಒಂದು ಮೆಟ್ಟಿಲ ಎತ್ತರ ಒಮ್ಮೆ ಅಳೆದಿಟ್ಟುಕೊಂಡಿದ್ದರೆ ಲೆಕ್ಕ ಮುಗಿಯಿತು. ಆದಿಲ್‌ಶಾಹಿಗಳ ಊರಿನ ಜಿಲ್ಲೆ ಇದು, ಬಾವಡಿಗಳಿಗೆ ಬರವಿಲ್ಲ. ಕಸ ತುಂಬಿರದಿದ್ದರೆ ಸಾಕು.

ಓಡುತ್ತಿರುವ ಬೋರ್ ಎರಡನೇ ಆಯ್ಕೆ, ಆದರೆ ಕಿರಿಕಿರಿ ಜಾಸ್ತಿ. ಮೋಟರು ಓಡುವಾಗ ಒಂದು ಮಟ್ಟ, ನಿಂತು ಎಂಟು ತಾಸಿನ ಮೇಲೆ ಇನ್ನೊಂದು ಮಟ್ಟ. ನಿಮಗೆ ಬೇಕಾದದ್ದು ನಿಂತ ಮಟ್ಟ. ಬೆಳಗ್ಗೆ ಎದ್ದು ಅಳೆದರಾಯಿತು ಅಂತ ಪುಸ್ತಕದಲ್ಲಿ ಬರೆದಿರುತ್ತಾರೆ, ಅದನ್ನು ಬರೆದವರ ಊರಲ್ಲಿ ತ್ರೀ ಫೇಸ್ ಕರೆಂಟು ಹಗಲಲ್ಲಿ ಬರುತ್ತದೆ ಅನ್ನಿಸುತ್ತದೆ. ನಮ್ಮಲ್ಲಿ ಪಾಳಿ ಪ್ರಕಾರ ರಾತ್ರಿ ಬಂದರೆ ಸ್ಟಾರ್ಟರ್ ತಾನೇ ಎದ್ದು ರಾತ್ರಿಯಿಡೀ ಓಡಿರುತ್ತದೆ. ಆದ್ದರಿಂದ ಗಡಿಯಾರ ನೋಡಬೇಡಿ, ಕರೆಂಟಿನ ಪಾಳಿ ನೋಡಿ. ಕರೆಂಟು ಬರುವ ಸ್ವಲ್ಪ ಮೊದಲು ಅಳೆಯಿರಿ. ಪಕ್ಕದ ಹೊಲದವರ ಮೋಟರೂ ಆಗ ನಿಂತಿರುತ್ತದೆ.

ನನ್ನ ಮೆಚ್ಚಿನದು ಮೂರನೆಯದು: ಫೇಲಾದ ಬೋರ್. ಯಾರ ಹೊಲದಲ್ಲಿ ಇಲ್ಲ ಹೇಳಿ! 500, 600 ಅಡಿ ಹೊಡೆಸಿ, ಅರ್ಧ ಇಂಚು ನೀರು ಬಂತು ಅಂತ ಬಿಟ್ಟ ಬೋರ್ ಪ್ರತಿ ಊರಲ್ಲೂ ಸಿಗುತ್ತದೆ. ಮೋಟರಿಲ್ಲ, ಪೈಪಿಲ್ಲ, ಕೇಬಲ್ ಸಿಕ್ಕಿಕೊಳ್ಳುವ ಭಯ ಇಲ್ಲ. ಸರ್ಕಾರ ದುಡ್ಡು ಕೊಟ್ಟು ಪೀಜೋಮೀಟರ್ ಅಂತ ಕೊರೆಸುವುದೂ ಇಂಥದ್ದನ್ನೇ, ಅಂದರೆ ನೀರು ಎತ್ತದೆ ಬರೀ ಮಟ್ಟ ನೋಡಲು ಇಟ್ಟ ಬೋರ್. ಆದರೆ ಆರಿಸುವ ಮುಂಚೆ ಅದಕ್ಕೆ ಜೀವ ಇದೆಯಾ ನೋಡಿ. ಈಗಿನ ಮಟ್ಟ ಅಳೆದುಕೊಂಡು ಐದಾರು ಕೊಡ ನೀರು ಒಳಗೆ ಸುರಿಯಿರಿ, ಕೂಡಲೇ ಮತ್ತೆ ಅಳೆಯಿರಿ, ಮಾರನೇ ದಿನ ಇನ್ನೊಮ್ಮೆ. ಸುರಿದ ನೀರು ಇಳಿದು ಮೊದಲಿನ ಮಟ್ಟಕ್ಕೆ ಬಂದಿದ್ದರೆ ಬೋರಿಗೂ ಸೆಲೆಗೂ ಸಂಬಂಧ ಇದೆ, ಅದು ನಿಮ್ಮ ಮಾಪಕ ಆಗಬಲ್ಲದು. ಹಾಕಿದ ನೀರು ಹಾಗೇ ನಿಂತಿದ್ದರೆ ಅದು ಬರೀ ಕಲ್ಲಿನ ಕೊಳವೆ, ಬಿಟ್ಟುಬಿಡಿ.

ಬಿಟ್ಟುಬಿಡಿ ಅಂದರೆ ಬಾಯಿ ತೆರೆದು ಬಿಡುವುದಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬೋರಿಗೆ ಬಿದ್ದ ಸಣ್ಣ ಮಗುವನ್ನು ಜೀವಂತ ಮೇಲೆತ್ತಲು ಎಷ್ಟು ತಾಸು ಹಿಡಿಯಿತು ಅಂತ ಇಡೀ ರಾಜ್ಯ ಟಿವಿ ಮುಂದೆ ಕೂತು ನೋಡಿದೆ. ಅಳೆಯುವ ಬೋರಾಗಲಿ, ಬಿಟ್ಟ ಬೋರಾಗಲಿ, ಕಬ್ಬಿಣದ ಮುಚ್ಚಳ ಬೆಸುಗೆ ಹಾಕಿಸಿ. ಅಳೆಯುವುದಕ್ಕೆ ಅದರಲ್ಲಿ ಬೆರಳಗಲದ ತೂತು, ಅದಕ್ಕೊಂದು ಬೋಲ್ಟ್ ಇದ್ದರೆ ಸಾಕು.

ಯಾವುದರಿಂದ ಅಳೆಯುವುದು

ತೆರೆದ ಬಾವಿಗೆ ಹಗ್ಗ ಮತ್ತು ಕಲ್ಲು. ಅಡಿಗೊಂದು ಗಂಟು ಬೇಡ, ನೆನೆದರೆ ನೂಲು ಹಗ್ಗ ಕುಗ್ಗುತ್ತದೆ. ನೈಲಾನ್ ಹಗ್ಗಕ್ಕೆ ಬಣ್ಣದ ಟೇಪು ಸುತ್ತಿ, ಇಲ್ಲವೇ ಗೌಂಡಿಗಳ ಉದ್ದ ಟೇಪನ್ನೇ ಇಳಿಸಿ. ಕಟ್ಟೆಯ ಮೇಲೆ ಒಂದು ಕಡೆ ಪೇಂಟಿನಲ್ಲಿ ಗುರುತು ಹಾಕಿ, ಪ್ರತಿ ಸಲ ಅಲ್ಲಿಂದಲೇ ಅಳೆಯಬೇಕು. ಕಟ್ಟೆಯ ಎತ್ತರ ಕಳೆಯುವುದನ್ನು ಮರೆಯಬೇಡಿ, ಇಲ್ಲದಿದ್ದರೆ ಪಕ್ಕದ ಬಾವಿಯ ಜೊತೆ ಹೋಲಿಸಲು ಆಗುವುದಿಲ್ಲ.

ಬೋರಿಗೆ ಎರಡು ಎಳೆಯ ವೈರು. ತುದಿಯ ಎರಡೂ ಎಳೆ ಸುಲಿದು ಸ್ವಲ್ಪ ದೂರ ಇರಿಸಿ, ಭಾರಕ್ಕೆ ಏನಾದರೂ ಕಟ್ಟಿ, ಮೇಲಿನ ತುದಿಗೆ ಬ್ಯಾಟರಿ ಮತ್ತು ಬಜರ್. ನೀರು ಮುಟ್ಟಿದ ಕೂಡಲೇ ಕೂಗುತ್ತದೆ. ಊರಿನ ಮೋಟರು ರಿಪೇರಿಯವರಿಗೆ ಹೇಳಿದರೆ ಸಂಜೆಯೊಳಗೆ ಮಾಡಿಕೊಡುತ್ತಾರೆ. ಅಂಗಡಿಯ ರೆಡಿಮೇಡ್ ಸೌಂಡರ್ ಕೂಡ ಇದೇ ತತ್ವ, ಟೇಪಿನ ಮೇಲೆ ಅಳತೆ ಅಚ್ಚಾಗಿರುತ್ತದೆ, ರೇಟು ಸಾವಿರಗಳಲ್ಲಿ. ಒಬ್ಬರಿಗೆ ದುಬಾರಿ, ಹತ್ತು ಮಂದಿ ಸೇರಿ ತಂದರೆ ಪರವಾಗಿಲ್ಲ. ಒದ್ದೆ ಕೇಸಿಂಗ್ ಗೋಡೆಗೆ ತಾಗಿದರೂ ಕೂಗುತ್ತದೆ, ಹಾಗಾಗಿ ಒಂದೆರಡು ಅಡಿ ಮೇಲೆ ಕೆಳಗೆ ಆಡಿಸಿ ಎರಡು ಸಲ ಅದೇ ಅಂಕಿ ಬಂದರೆ ಮಾತ್ರ ಬರೆಯಿರಿ. ಮೋಟರು ಇರುವ ಬೋರಿನಲ್ಲಿ ವೈರು ಪೈಪಿಗೆ, ಕೇಬಲ್ಲಿಗೆ ಸುತ್ತಿಕೊಂಡರೆ ಗತಿ ಕೆಟ್ಟಿತು. ಮುಂದಿನ ಸಲ ರಿಪೇರಿಗೆ ಮೋಟರು ಎತ್ತಿದಾಗ ಅದರ ಜೊತೆ ಒಂದು ಅರ್ಧ ಇಂಚಿನ ಪೈಪನ್ನೂ ಮೋಟರಿನ ಸ್ವಲ್ಪ ಮೇಲಿನವರೆಗೆ ಇಳಿಸಿಬಿಡಿ. ತುದಿ ತೆರೆದಿರಲಿ, ಕೆಳಗಡೆ ನಾಲ್ಕು ತೂತು ಹಾಕಿ. ವೈರು ಆ ಪೈಪಿನೊಳಗೆ ಆರಾಮಾಗಿ ಓಡಾಡುತ್ತದೆ.

ಅದೂ ಕಷ್ಟ ಅಂದರೆ ಗಾಳಿಯ ಪದ್ಧತಿ ಇದೆ. ಸಪೂರ ಪ್ಲಾಸ್ಟಿಕ್ ನಳಿಗೆಯನ್ನು ಗೊತ್ತಿರುವ ಆಳಕ್ಕೆ ಇಳಿಸಿ ಕಾಯಂ ಬಿಡುವುದು, ಮೇಲಿನ ತುದಿಗೆ ಒತ್ತಡದ ಮೀಟರು ಮತ್ತು ಸೈಕಲ್ ಪಂಪು. ಗಾಳಿ ಹೊಡೆಯುತ್ತಾ ಹೋಗಿ, ಮುಳ್ಳು ಏರಿ ಏರಿ ಒಂದು ಕಡೆ ನಿಲ್ಲುತ್ತದೆ. ನಳಿಗೆಯ ತುದಿಯ ಮೇಲೆ ನಿಂತ ನೀರಿನ ಭಾರ ಅದು. 1 ಕೆ.ಜಿ. ಒತ್ತಡಕ್ಕೆ 10 ಮೀಟರ್, ಅಂದರೆ ಸುಮಾರು 33 ಅಡಿ ನೀರು. ನಳಿಗೆ 400 ಅಡಿಗೆ ಇದ್ದು ಮುಳ್ಳು 3ಕ್ಕೆ ನಿಂತರೆ ತುದಿಯ ಮೇಲೆ ಸುಮಾರು 100 ಅಡಿ ನೀರಿದೆ, ನೀರಿನ ಮಟ್ಟ ನೆಲದಿಂದ 300 ಅಡಿ ಕೆಳಗೆ. ಒಂದೆರಡು ಅಡಿ ಹೆಚ್ಚು ಕಡಿಮೆ ಬರುತ್ತದೆ. ಆದರೆ ಮೋಟರು ಓಡುವಾಗಲೂ ನೋಡಬಹುದು, ಅದು ದೊಡ್ಡ ಅನುಕೂಲ.

ತಾನಾಗೇ ಬರೆದುಕೊಳ್ಳುವ ಡಿಜಿಟಲ್ ಮಾಪಕ ಒಬ್ಬ ರೈತನಿಗೆ ಬೇಕಾಗಿಲ್ಲ. ಪಂಚಾಯ್ತಿಯವರು ಕುಡಿಯುವ ನೀರಿನ ಬೋರಿಗೆ ಹಾಕಿಸಿದರೆ ಅರ್ಥ ಇದೆ.

ಸರ್ಕಾರದ ಬಾವಿ ಲೆಕ್ಕ, ಉಪಗ್ರಹದ ಲೆಕ್ಕ

ಕೇಂದ್ರ ಅಂತರ್ಜಲ ಮಂಡಳಿ ತನ್ನ ವೀಕ್ಷಣಾ ಬಾವಿಗಳನ್ನು ವರ್ಷಕ್ಕೆ ನಾಲ್ಕು ಸಲ ನೋಡುತ್ತದೆ, ರಾಜ್ಯದ ಅಂತರ್ಜಲ ನಿರ್ದೇಶನಾಲಯಕ್ಕೆ ಅದರದೇ ಬಾವಿಗಳಿವೆ. ಇಂಡಿಯಾ ವ್ರಿಸ್ ಅನ್ನುವ ಜಾಲತಾಣದಲ್ಲಿ ಹುಡುಕಿದರೆ ಅಂಕಿಗಳು ಸಿಗುತ್ತವೆ. 2022ರಲ್ಲಿ ಬಂದ ಜಲದೂತ್ ಆ್ಯಪ್‌ನಲ್ಲಿ ಹಳ್ಳಿಗೆ ಎರಡು ಮೂರು ಬಾವಿ ಆಯ್ದು ಮೇ ತಿಂಗಳಲ್ಲಿ ಒಮ್ಮೆ, ಅಕ್ಟೋಬರ್‌ನಲ್ಲಿ ಒಮ್ಮೆ ಅಳೆದು ಹಾಕಬೇಕು. ನಿಮ್ಮೂರಲ್ಲಿ ಯಾವ ಬಾವಿ ಆರಿಸಿದ್ದಾರೆ ಅಂತ ಪಂಚಾಯ್ತಿಯಲ್ಲಿ ಕೇಳಿ, ಅದನ್ನೇ ನೀವೂ ತಿಂಗಳಿಗೊಮ್ಮೆ ಅಳೆದರೆ ಎರಡೂ ಲೆಕ್ಕ ಕೂಡುತ್ತವೆ.

ಈ ಸರ್ಕಾರಿ ಅಂಕಿಗಳ ಬಲ ಏನೆಂದರೆ ಹಿಂದಿನ ಹಲವು ವರ್ಷಗಳದ್ದು ಇರುತ್ತದೆ. ದೌರ್ಬಲ್ಯ ಏನೆಂದರೆ ಬಾವಿ ನಿಮ್ಮ ಹೊಲದ ಹತ್ತಿರ ಇರುವುದಿಲ್ಲ, ನಮ್ಮ ಕಲ್ಲಿನಲ್ಲಿ ಒಂದು ಫರ್ಲಾಂಗು ಆಚೆ ಹೋದರೆ ಬಿರುಕೇ ಬೇರೆ. ತಾಲ್ಲೂಕನ್ನು ಸುರಕ್ಷಿತ, ಅರೆ ಗಂಭೀರ, ಗಂಭೀರ, ಅತಿ ಬಳಕೆ ಅಂತ ವಿಂಗಡಿಸುವುದೂ ಇಡೀ ತಾಲ್ಲೂಕಿನ ಸರಾಸರಿ. ವರ್ಷಕ್ಕೆ ಎತ್ತಬಹುದಾದ ನೀರಿನಲ್ಲಿ 70 ಪರ್ಸೆಂಟ್ ಒಳಗೆ ಬಳಸಿದರೆ ಸುರಕ್ಷಿತ, 100 ದಾಟಿದರೆ ಅತಿ ಬಳಕೆ. ತಾಲ್ಲೂಕು ಸುರಕ್ಷಿತ ಅಂತ ಇದ್ದರೂ ನಿಮ್ಮ ಮಡ್ಡಿಯಲ್ಲಿ ನೀರು ಇರಬೇಕಂತೇನಿಲ್ಲ ಅಲ್ವಾ?

ಉಪಗ್ರಹದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ನೆಲದಡಿ ನೀರನ್ನು ಭೂಮಿಯ ಗುರುತ್ವದಿಂದ ಅಂದಾಜು ಮಾಡುವ ಗ್ರೇಸ್ ಉಪಗ್ರಹಗಳು 2002ರಿಂದ ಕೆಲಸ ಮಾಡಿದವು, 2018ರಲ್ಲಿ ಅದರ ಮುಂದಿನ ಜೋಡಿ ಹೋಗಿದೆ. ವಿಜ್ಞಾನ ಅದ್ಭುತ. ಆದರೆ ಅದಕ್ಕೆ ಒಂದು ಚುಕ್ಕೆ ಅಂದರೆ ಸುಮಾರು 300 ಕಿ.ಮೀ. ಅಗಲದ ಪ್ರದೇಶ, ನಮ್ಮ ಇಡೀ ಜಿಲ್ಲೆ ಸುಮಾರು ಹತ್ತೂವರೆ ಸಾವಿರ ಚದರ ಕಿ.ಮೀ. ಅಷ್ಟೇ. ಅಂಥ ನಕ್ಷೆಯ ಬಣ್ಣ ನೋಡಿ ಬೋರ್ ಹೊಡೆಸುವವರು ದಯವಿಟ್ಟು ನಿಲ್ಲಿಸಿ. ಬೆಳೆಯ ಹಸಿರು ತೋರಿಸುವ ಸೆಂಟಿನೆಲ್ ಚಿತ್ರಗಳು ಮಾತ್ರ ಉಪಯೋಗಕ್ಕೆ ಬರುತ್ತವೆ, 10 ಮೀಟರ್ ಚೌಕದಷ್ಟು ಸೂಕ್ಷ್ಮವಾಗಿ ಹೊಲ ಕಾಣುತ್ತದೆ. ಮೋಡ ಮುಚ್ಚಿದ ವಾರಗಳಲ್ಲಿ ಅದೂ ಕುರುಡು.

ಕೆರೆ ತುಂಬಿಸಿದ ಊರುಗಳಿಗೆ ಬೇರೆ ಲೆಕ್ಕ

ಇದೊಂದು ಹೊಸ ಗೊಂದಲ. ಮುಳವಾಡ, ಚಿಮ್ಮಲಗಿ, ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೆರೆ ತುಂಬಿಸಿದ ಕಡೆ ಮಳೆಗೂ ಬಾವಿಗೂ ಇದ್ದ ಹಳೆಯ ನಂಟು ಕಡಿದಿದೆ. ಊರಲ್ಲಿ ಹನಿ ಬೀಳದಿದ್ದರೂ ಬಾವಿ ಏರುತ್ತದೆ, ಯಾಕೆಂದರೆ ಅದು ಕೃಷ್ಣೆಯ ನೀರು, ಮಹಾಬಲೇಶ್ವರದ ಕಡೆ ಬಿದ್ದ ಮಳೆ. ಇಂಥ ಊರಲ್ಲಿ ಸ್ಥಳೀಯ ಮಳೆಯ ಲೆಕ್ಕದಿಂದ ಅಂತರ್ಜಲ ಊಹಿಸಲು ಹೋಗಬೇಡಿ. ಆಲಮಟ್ಟಿಯ ಮಟ್ಟ ನೋಡಿ (ತುಂಬಿದರೆ 519.6 ಮೀಟರ್), ನಿಮ್ಮ ಕೆರೆಗೆ ನೀರು ಬಿಟ್ಟ ತಾರೀಕು, ನಿಲ್ಲಿಸಿದ ತಾರೀಕು ಎರಡನ್ನೂ ಬಾವಿಯ ಅಂಕಿಯ ಪಕ್ಕ ಬರೆಯಿರಿ. ನೀರು ನಿಲ್ಲಿಸಿದ ಮೇಲೆ ಬಾವಿ ಎಷ್ಟು ವಾರ ತಡೆಯಿತು ಅನ್ನುವುದೇ ನಿಮಗೆ ಬೇಕಾದ ಮಾಹಿತಿ. ಕೆರೆ ತುಂಬಿತು ಅಂತ ಕಬ್ಬು ಹಾಕಿ ಏಪ್ರಿಲ್‌ನಲ್ಲಿ ಕೈ ಹಿಸುಕಿಕೊಂಡವರು ಬೇಕಾದಷ್ಟು ಜನ ಇದ್ದಾರೆ.

ಹಾಗಾದರೆ ಯಾರಿಗೆ ಯಾವುದು

ಮಳೆಯನ್ನೇ ನಂಬಿದ ಎರೆ ಹೊಲದವರು, ಬಿಳಿಜೋಳ, ಕಡಲೆ, ಕುಸುಬೆಯವರು: ಸ್ವಂತ ಮಳೆ ಡಬ್ಬಿ, ಜೊತೆಗೆ ಒಂದು ಸಲಿಕೆ. ಅಂತರ್ಜಲ ನಿಮ್ಮ ಬೆಳೆಗೆ ಸಂಬಂಧವೇ ಇಲ್ಲ. ಹಿಂಗಾರಿ ಬಿತ್ತುವ ಮುಂಚೆ ಒಂದು ಮೊಳ ಅಗೆದು ಮಣ್ಣು ಉಂಡೆ ಕಟ್ಟಿ ನೋಡಿ, ಕೆಳಗಿನ ಮಣ್ಣೂ ಉಂಡೆ ಆದರೆ ಹಸಿ ಇಳಿದಿದೆ. ಈ ಹೊಲದಲ್ಲಿ ಯಾವ ಆ್ಯಪ್‌ಗಿಂತಲೂ ಸಲಿಕೆ ಮೇಲು. ಮುನ್ಸೂಚನೆಗೆ ಮೇಘದೂತ್ ಆ್ಯಪ್ ಇಟ್ಟುಕೊಳ್ಳಿ, ಮಂಗಳವಾರ ಮತ್ತು ಶುಕ್ರವಾರ ಸಲಹೆ ಬರುತ್ತದೆ.

ದ್ರಾಕ್ಷಿ, ಲಿಂಬೆ, ದಾಳಿಂಬೆಯವರು: ಬೋರಿನ ನಿಂತ ಮಟ್ಟ, ತಿಂಗಳಿಗೊಮ್ಮೆ, ಒಂದೇ ತಾರೀಕಿಗೆ. ಬಹಳ ಮುಖ್ಯವಾದ ಅಂಕಿ ನವೆಂಬರ್‌ದು, ಮಳೆ ಮುಗಿದು ನೀರು ಪೂರ್ತಿ ಏರಿರುವ ಹೊತ್ತು. ಹೋದ ನವೆಂಬರ್ ಜೊತೆ ಹೋಲಿಸಿ, ಅಕ್ಟೋಬರ್ ಜೊತೆ ಅಲ್ಲ. ಉದಾಹರಣೆಗೆ ಹೋದ ವರ್ಷ 60 ಅಡಿಗೆ ಇದ್ದದ್ದು ಈ ವರ್ಷ 90ಕ್ಕೆ ಇದ್ದರೆ, ತಿಂಗಳಿಗೆ 15 ಅಡಿ ಇಳಿಯುವ ಬೋರಿಗೆ ನೀವು ಎರಡು ತಿಂಗಳ ನೀರು ಕಡಿಮೆ ಇಟ್ಟುಕೊಂಡು ಶುರು ಮಾಡುತ್ತಿದ್ದೀರಿ. ಏಪ್ರಿಲ್ ಚಾಟ್ನಿಗೆ ನೀರು ಸಾಲುತ್ತದಾ ಅಂತ ಆಗಲೇ ಗೊತ್ತಾಗುತ್ತದೆ, ಕೃಷಿ ಹೊಂಡ ತುಂಬಿಸಿಕೊಳ್ಳಲು, ಹಿಂಗಾರಿಯಲ್ಲಿ ಎರಡು ಎಕರೆ ಗೋಧಿ ಕಡಿಮೆ ಮಾಡಲು ಸಮಯ ಇರುತ್ತದೆ. ಒಂದು ಎಚ್ಚರಿಕೆ: ಕೆಳಗೆ ಹೋದಂತೆ ಬಿರುಕು ಕಡಿಮೆ, ಆದ್ದರಿಂದ ಇಳಿಯುವ ವೇಗ ಒಂದೇ ಸಮ ಇರುವುದಿಲ್ಲ. ಡಿಸೆಂಬರ್‌ನಲ್ಲಿ 10 ಅಡಿ ಇಳಿದದ್ದು ಮಾರ್ಚ್‌ನಲ್ಲಿ 30 ಇಳಿಯಬಹುದು. ಲೆಕ್ಕವನ್ನು ಸ್ವಲ್ಪ ಬಿಗಿ ಹಿಡಿದೇ ಹಾಕಿ.

ಹೊಸ ಬೋರ್ ಹೊಡೆಸಬೇಕು ಅನ್ನುವವರು: ಅಧಿಸೂಚಿತ ತಾಲ್ಲೂಕಾದರೆ 2011ರ ರಾಜ್ಯ ಅಂತರ್ಜಲ ಕಾಯ್ದೆ ಪ್ರಕಾರ ಅನುಮತಿ ಬೇಕು, ಅದನ್ನು ಮೊದಲು ವಿಚಾರಿಸಿ. ಆಮೇಲೆ ತೆಂಗಿನಕಾಯಿ ಹಿಡಿದು ನೀರು ತೋರಿಸುವವರನ್ನು ಕರೆಸುವ ಮುಂಚೆ ಒಂದು ದಿನ ಖರ್ಚಿಲ್ಲದ ಪರೀಕ್ಷೆ ಮಾಡಿ. ಪಕ್ಕದ ಹೊಲದವರಿಗೆ ಹೇಳಿ ಅವರ ಮೋಟರನ್ನು ನಾಲ್ಕೈದು ತಾಸು ಓಡಿಸಿ, ನಿಮ್ಮದು ಬಂದ್ ಇರಲಿ. ನಿಮ್ಮ ಬೋರಿನ ಮಟ್ಟವನ್ನು ತಾಸಿಗೊಮ್ಮೆ ವೈರು ಇಳಿಸಿ ನೋಡಿ. ಅವರದು ಓಡಿದಂತೆ ನಿಮ್ಮದು ಇಳಿಯುತ್ತಿದ್ದರೆ ಇಬ್ಬರೂ ಒಂದೇ ಸೆಲೆಯ ನೀರು ಎತ್ತುತ್ತಿದ್ದೀರಿ. ಆ ಎರಡರ ನಡುವೆ ಮೂರನೆಯದು ಹೊಡೆಸಿದರೆ ಅದೇ ನೀರಿಗೆ ಇನ್ನೊಂದು ಮೋಟರಿನ ಬಿಲ್ಲು ಕಟ್ಟುತ್ತೀರಿ. ಕದಲದೆ ನಿಂತಿದ್ದರೆ ಬಹುಶಃ ಸೆಲೆ ಬೇರೆ, ಆಗ ಯಾವ ದಿಕ್ಕಿಗೆ ಹೋಗಬೇಕು ಅಂತ ಭೂವಿಜ್ಞಾನಿಯನ್ನು ಕರೆಸಿ ಕೇಳಿ, ಬರುವಾಗ ನಿಮ್ಮ ನೋಟ್‌ಬುಕ್ಕನ್ನು ಅವರ ಕೈಗೆ ಕೊಡಿ.